ನಮ್ಮ ಮರದಡಿ ಶಾಲೆಯ ಸೊಳ್ಳೆ ಕಾಟ ಕಡಿಮೆಯಾಗಿದ್ದು ಹೀಗೆ

ಕನಕಪುರ ರಸ್ತೆ ಕಡೆ ಒಂದು ತೋಟದಲ್ಲಿ 11 ಪುಟ್ಟ ಮಕ್ಕಳ ಜೊತೆ ಶಾಲೆ ಶುರು ಮಾಡಿದೆವು. ಹೊಂಗೆ ಮರದ ನೆರಳು, ಕೆಮ್ಮಣ್ಣು, ಒಂದು ನೀರಿನ ತೊಟ್ಟಿ. ಅದೇ ನಮ್ಮ ತರಗತಿ.

ಜೂನ್ ಮಳೆ ಬಿದ್ದ ಎರಡೇ ವಾರಕ್ಕೆ ಮಕ್ಕಳ ಕೈಕಾಲೆಲ್ಲ ಕೆಂಪು ಗುಳ್ಳೆ. "ಡೆಂಗಿ ಬಂದ್ರೆ ಏನ್ ಮಾಡೋದು ಮೇಡಂ? ನಾಳೆಯಿಂದ ಕಳಿಸಲ್ಲ" ಅಂದರು ಒಬ್ಬ ತಾಯಿ. ಅವರ ಭಯ ಸರಿಯೇ, ಅಲ್ವಾ? ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಮೊದಲು ದಿನಾ ಸಂಜೆ ಬೇವಿನ ಸೊಪ್ಪಿನ ಹೊಗೆ ಹಾಕಿದೆ. ಸುಮ್ನೆ ಕಣ್ಣು ಉರಿಯಿತು ಅಷ್ಟೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಜಾಸ್ತಿ ಕಚ್ಚುವುದು ಹಗಲಲ್ಲಿ, ಮೊಟ್ಟೆ ಇಡುವುದು ನಿಂತ ತಿಳಿನೀರಲ್ಲಿ. ಇದು ಗೊತ್ತಾದ ಮೇಲೆ ತೋಟ ಸುತ್ತಿ ನೋಡಿದರೆ, ಮಕ್ಕಳು ಅಡುಗೆ ಆಟ ಆಡಿ ಬಿಟ್ಟ ತೆಂಗಿನ ಚಿಪ್ಪು, ಹತ್ತಿ ಕುಣಿಯಲು ಇಟ್ಟ ಹಳೇ ಟೈರು, ಹೂಕುಂಡದ ತಟ್ಟೆ, ಎಲ್ಲದರಲ್ಲೂ ಮಿಲಮಿಲ ಅನ್ನುವ ಮರಿಹುಳು!

ಮೊಟ್ಟೆ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಬೇಕು. ಹಾಗಾಗಿ ವಾರಕ್ಕೆ ಎರಡು ಸಲ ನೀರು ಚೆಲ್ಲುತ್ತೇವೆ. ಚೆಲ್ಲಿದರಷ್ಟೇ ಸಾಲದು, ಮೊಟ್ಟೆ ಪಾತ್ರೆಯ ಒಳಬದಿಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಉಳಿಯುತ್ತದೆ, ಅದಕ್ಕೇ ತೆಂಗಿನ ನಾರು ಹಿಡಿದು ಉಜ್ಜಲೇಬೇಕು. ಟೈರಿಗೆ ತೂತು ಕೊರೆಸಿದೆವು. ತೊಟ್ಟಿಗೆ ಮರಿಹುಳು ತಿನ್ನುವ ಗಪ್ಪಿ ಮೀನು ಬಿಟ್ಟೆವು (ಕೆರೆಗೆ ಮಾತ್ರ ಬಿಡಬೇಡಿ, ಅಲ್ಲಿನ ಮೀನುಗಳಿಗೆ ತೊಂದರೆ). ಮಕ್ಕಳಿಗೆ ತುಂಬು ತೋಳಿನ ಅಂಗಿ.

ಉಜ್ಜುವ ಕೆಲಸ ಮಕ್ಕಳದೇ. ಎಷ್ಟು ಖುಷಿ ಅವಕ್ಕೆ! ಆಗಸ್ಟ್‌ನಲ್ಲಿ ಆ ತಾಯಿ ಮಗಳನ್ನು ಮತ್ತೆ ಕಳಿಸಿದರು. ಈಗ ಅವಳು ಮನೆಯಲ್ಲೂ ಕುಂಡದ ತಟ್ಟೆ ಉಜ್ಜದೆ ಬಿಡುವುದಿಲ್ಲವಂತೆ.