ದ ಫ್ಯುಜಿಟಿವ್ ಸಿನಿಮಾನ ಸೀನ್ ಸೀನಾಗಿ ಬಿಡಿಸಿ ನಾನು ಕಲಿತಿದ್ದು

ಥ್ರಿಲ್ಲರ್ ಸ್ಕ್ರಿಪ್ಟ್ ಬರೀಬೇಕು ಅಂತ ಆಸೆ ಇರೋರು ಯಾರೇ ಕೇಳಿದ್ರೂ ನಾನು ಹೇಳೋದು ಒಂದೇ, 1993ರ ದ ಫ್ಯುಜಿಟಿವ್ ಸಿನಿಮಾ ಹಾಕ್ಕೊಂಡು ಕೂತ್ಕೊಳ್ಳಿ, ಬರೀ ನೋಡ್ಬೇಡಿ, ಪೆನ್ನು ಹಿಡ್ಕೊಂಡು ಬಿಡಿಸಿ. ನಾನು ಬರವಣಿಗೆನ ಯಾವ ಕ್ಲಾಸಿಗೂ ಹೋಗಿ ಕಲಿತೋನಲ್ಲ. ಗೊತ್ತಿರೋದ್ರಲ್ಲಿ ಬಹುಪಾಲು ಬಂದಿದ್ದು ಈ ಸಿನಿಮಾನ ಅದರ ಮೂಲ ಟಿವಿ ಸೀರೀಸ್ ಪಕ್ಕ ಇಟ್ಕೊಂಡು, ಒಂದೊಂದು ಸೀನಿಗೂ ಒಂದೊಂದು ಕಾರ್ಡ್ ಬರ್ಕೊಂಡು ಹೋಗಿದ್ರಿಂದ.

ಮೊದಲು ಸೀರೀಸ್ ಬಗ್ಗೆ ಸ್ವಲ್ಪ ಹೇಳ್ಬೇಕು, ಯಾಕಂದ್ರೆ ಸಿನಿಮಾದೋರ ಕೈಯಲ್ಲಿ ಎಂಥಾ ರಾಶಿ ಇತ್ತು ಅನ್ನೋದು ಗೊತ್ತಾಗ್ದೆ ಅವರು ಮಾಡಿದ ಕೆಲಸದ ಬೆಲೆ ಗೊತ್ತಾಗಲ್ಲ. ಅಮೆರಿಕದ ಎಬಿಸಿ ಚಾನೆಲಲ್ಲಿ 1963ರ ಸೆಪ್ಟೆಂಬರಿಂದ 1967ರ ಆಗಸ್ಟ್ ತನಕ ಬಂದಿದ್ದು, ಒಟ್ಟು 120 ಎಪಿಸೋಡ್, ಮೊದಲ ಮೂರು ಸೀಸನ್ ಕಪ್ಪು ಬಿಳುಪು, ಕೊನೇದು ಮಾತ್ರ ಕಲರ್. ಕಥೆ ಹುಟ್ಟಿಸಿದ್ದು ರಾಯ್ ಹಗಿನ್ಸ್, ಡಾಕ್ಟರ್ ರಿಚರ್ಡ್ ಕಿಂಬಲ್ ಆಗಿ ಡೇವಿಡ್ ಜಾನ್ಸೆನ್. ಹೆಂಡತೀನ ಕೊಂದ ಅಂತ ಮರಣದಂಡನೆ ಆಗಿರುತ್ತೆ, ಕರ್ಕೊಂಡು ಹೋಗ್ತಿದ್ದ ರೈಲು ಹಳಿ ತಪ್ಪುತ್ತೆ, ಇವನು ಓಡಿಹೋಗ್ತಾನೆ, ಆ ರಾತ್ರಿ ಕಣ್ಣಿಗೆ ಬಿದ್ದಿದ್ದ ಒಂಟಿಗೈ ಮನುಷ್ಯನನ್ನ ಹುಡುಕ್ತಾ ಊರೂರು ಅಲೀತಾನೆ. ಪ್ರತಿ ವಾರ ಹೊಸ ಊರು ಹೊಸ ಹೆಸರು ಹೊಸ ಕೂಲಿ ಕೆಲಸ, ಅಲ್ಲಿ ಯಾರೋ ಕಷ್ಟದಲ್ಲಿರ್ತಾರೆ, ಇವನು ಸುಮ್ನೆ ಇದ್ರೆ ಸೇಫು, ಆದ್ರೆ ಸುಮ್ನಿರಕ್ಕಾಗಲ್ಲ, ಸಹಾಯಕ್ಕೆ ಹೋಗಿ ಸಿಕ್ಕಿಬೀಳೋ ಹಾಗಾಗಿ ಮತ್ತೆ ಬ್ಯಾಗು ಎತ್ಕೊಂಡು ಹೊರಡ್ತಾನೆ. 1967ರ ಆಗಸ್ಟ್ 29ಕ್ಕೆ ಬಂದ ಕೊನೇ ಎಪಿಸೋಡನ್ನ ಕೋಟಿಗಟ್ಲೆ ಜನ ನೋಡಿದ್ರು, ಅಮೆರಿಕದ ಟಿವಿ ಸೀರೀಸುಗಳಲ್ಲಿ ಆ ದಾಖಲೆ 1980ರ ತನಕ ಮುರೀಲಿಲ್ಲ.

ಇಷ್ಟನ್ನೂ ಎರಡು ಗಂಟೆ ಹತ್ತು ನಿಮಿಷಕ್ಕೆ ತರ್ಬೇಕು.

ನಾನು ಮಾಡಿದ್ದು ಹೀಗೆ. ಸೀರೀಸಿನ ಮೊದಲ ಎಪಿಸೋಡು, ಕೊನೇ ಎರಡು ಭಾಗ, ನಡುವೆ ಒಂದಷ್ಟು ಆರಿಸ್ಕೊಂಡು ನೋಡ್ದೆ. ಆಮೇಲೆ ಸಿನಿಮಾ, ಪ್ರತಿ ಸೀನಿಗೂ ನಿಲ್ಲಿಸಿ ಕಾರ್ಡು. ಕಾರ್ಡಲ್ಲಿ ಕಥೆ ಬರೀತಿರ್ಲಿಲ್ಲ, ಎರಡೇ ಕಾಲಂ: ಈ ಸೀನ್ ಮುಗಿಯೋ ಹೊತ್ತಿಗೆ ಕಿಂಬಲ್‌ಗೆ ಹೊಸದಾಗಿ ಏನು ಗೊತ್ತಾಯ್ತು, ಅವನನ್ನ ಹಿಡಿಯಕ್ಕೆ ಬೆನ್ನು ಹತ್ತಿರೋ ಜೆರಾರ್ಡ್‌ಗೆ ಏನು ಗೊತ್ತಾಯ್ತು. ಕೆಳಗೆ ಒಂದು ಸಾಲು, ಇದು ಸೀರೀಸಲ್ಲಿ ಇತ್ತಾ ಇಲ್ವಾ ಅಂತ. ಅಷ್ಟೇ.

ಕಾರ್ಡುಗಳನ್ನ ನೆಲದ ಮೇಲೆ ಸಾಲಾಗಿ ಹರಡಿದಾಗ ಮೊದಲು ಕಂಡಿದ್ದು ಜೆರಾರ್ಡ್ ಕಾಲಂ. ಸೀರೀಸಲ್ಲಿ ಜೆರಾರ್ಡ್ ಊರಿನ ಪೊಲೀಸ್ ಲೆಫ್ಟಿನೆಂಟ್, ಬ್ಯಾರಿ ಮೋರ್ಸ್ ಮಾಡಿದ ಪಾತ್ರ, ಆ ರೈಲಲ್ಲಿ ಕಿಂಬಲ್ ಪಕ್ಕದಲ್ಲೇ ಕೂತಿದ್ದೋನು, ಅವನ ಕೈಯಿಂದಾನೇ ಕೈದಿ ತಪ್ಪಿಸ್ಕೊಂಡಿದ್ದು, ಹಾಗಾಗಿ ಅದು ಅವನ ಸ್ವಂತ ಹಠ. ಸಿನಿಮಾದಲ್ಲಿ ಟಾಮಿ ಲೀ ಜೋನ್ಸ್ ಮಾಡಿದ ಜೆರಾರ್ಡ್ ಯುಎಸ್ ಮಾರ್ಷಲ್, ಅಂದ್ರೆ ತಪ್ಪಿಸ್ಕೊಂಡ ಕೈದಿಗಳನ್ನ ಹಿಡಿಯೋ ಕೇಂದ್ರ ಸರ್ಕಾರದ ಅಧಿಕಾರಿ, ಹಳೇ ಕೇಸಿಗೂ ಅವನಿಗೂ ಸಂಬಂಧಾನೇ ಇಲ್ಲ, ರೈಲು ಅಪಘಾತ ಆದ್ಮೇಲೆ ಬರ್ತಾನೆ. ಟನಲ್ ಸೀನಲ್ಲಿ ಕಿಂಬಲ್ ನಾನು ಹೆಂಡತೀನ ಕೊಂದಿಲ್ಲ ಅಂದಾಗ ಇವನು ನಂಗದು ಬೇಕಾಗಿಲ್ಲ ಅಂತಾನಲ್ಲ, ಇಡೀ ಸಿನಿಮಾ ನಿಂತಿರೋದು ಆ ಉತ್ತರದ ಮೇಲೆ ಅಂತ ನನ್ನ ಅಭಿಪ್ರಾಯ. ನಿರಪರಾಧಿನೋ ಅಲ್ವೋ ಅನ್ನೋದು ತನ್ನ ಕೆಲಸಾನೇ ಅಲ್ಲ ಅನ್ನೋ ಮನುಷ್ಯ ನಿಧಾನಕ್ಕೆ ತಾನೇ ಕೇಸ್ ಬಿಚ್ಚಿ ನೋಡೋ ಹಾಗಾಗೋದು ಒಂದು ಕಥೆ, ಕಿಂಬಲ್ ಓಡೋದು ಇನ್ನೊಂದು ಕಥೆ, ಎರಡೂ ಒಂದೇ ದಾರೀಲಿ ಹೋಗ್ತವೆ.

ಅರ್ಧ ಸಿನಿಮಾ ದಾಟಿದ್ಮೇಲೆ ಎರಡನೇ ಕಾಲಂ ಮೊದಲನೇ ಕಾಲಮ್ಮಿನ ಹಿಂದೆ ಹಿಂದೆನೇ ಬರುತ್ತೆ. ಕಿಂಬಲ್ ಎಲ್ಲಿ ಹೋಗಿ ಏನು ತಿಳ್ಕೊಂಡನೋ, ಜೆರಾರ್ಡ್ ಅದೇ ಜಾಗಕ್ಕೆ ಬಂದು ಇವನು ಇಲ್ಲಿಗೆ ಯಾಕೆ ಬಂದ ಅಂತ ಕೇಳ್ತಾನೆ, ಆ ಪ್ರಶ್ನೆಗೆ ಉತ್ತರ ಸಿಕ್ಕಾಗೆಲ್ಲ ಒಂದು ಹೆಜ್ಜೆ ಹತ್ರ ಬರ್ತಾನೆ. ಒಂಟಿಗೈ ಸೈಕ್ಸ್ ಮನೆ ಸೀನ್ ನೋಡಿ, ಕಿಂಬಲ್ ಕದ್ದು ಒಳಗೆ ಹೋಗಿ ಬೇಕಾಗಿದ್ದು ಸಿಕ್ಮೇಲೆ ಅಲ್ಲಿಂದಾನೇ ಜೆರಾರ್ಡ್‌ಗೆ ಫೋನ್ ಮಾಡಿ, ರಿಸೀವರ್ ಇಡ್ದೆ ಹೊರಟುಹೋಗ್ತಾನೆ. ಟ್ರೇಸ್ ಮಾಡ್ಕೊಂಡು ಬರ್ಲಿ ಅಂತಾನೇ. ಓಡಿಹೋಗೋನೇ ಹಿಡಿಯೋನನ್ನ ಸಾಕ್ಷಿ ಇರೋ ಕಡೆ ಕರ್ಕೊಂಡು ಬರ್ತಾನೆ, ಒಂದು ಡೈಲಾಗ್ ಇಲ್ಲ ವಿವರಣೆ ಇಲ್ಲ, ಮೇಜಿನ ಮೇಲೊಂದು ಫೋನು ಅಷ್ಟೇ.

ಸೀರೀಸಿನ ಅಷ್ಟೊಂದು ಎಪಿಸೋಡಿನ ಅಲೆದಾಟ ಏನಾಯ್ತು ಅಂತ ನಾನು ಹುಡುಕ್ದೆ. ಅದು ಒಂದೇ ಸೀನಲ್ಲಿ ಇದೆ. ಕುಕ್ ಕೌಂಟಿ ಆಸ್ಪತ್ರೆ, ಕಿಂಬಲ್ ಕ್ಲೀನರ್ ವೇಷದಲ್ಲಿ ಕೃತಕ ಕೈ ಹಾಕಿಸ್ಕೊಂಡೋರ ಪಟ್ಟಿ ತಗೊಳಕ್ಕೆ ಬಂದಿರ್ತಾನೆ, ಅವನ ಕೆಲಸ ಆಗೋಗಿರುತ್ತೆ, ಹೊರಗೆ ಹೋಗ್ಬೇಕು ಅಷ್ಟೇ. ಎಮರ್ಜೆನ್ಸಿಯಲ್ಲಿ ಗಾಯಾಳುಗಳು ತುಂಬಿರ್ತಾರೆ, ಒಬ್ಬ ಹುಡುಗನ ಸ್ಟ್ರೆಚರ್ ತಳ್ಳಪ್ಪಾ ಅಂತ ಡಾಕ್ಟರ್ ಹೇಳ್ತಾಳೆ. ಇವನು ಎಕ್ಸ್‌ರೇ ಎತ್ತಿ ನೋಡ್ತಾನೆ, ಹುಡುಗನನ್ನ ಮಾತಾಡಿಸ್ತಾನೆ, ಲಿಫ್ಟಲ್ಲಿ ಚೀಟಿ ತಿದ್ದಿ ಸೀದಾ ಆಪರೇಷನ್‌ಗೆ ಕಳಿಸ್ತಾನೆ. ಅವನು ಎಕ್ಸ್‌ರೇ ನೋಡಿದ್ದು ಆ ಡಾಕ್ಟರ್ ಕಣ್ಣಿಗೆ ಬಿದ್ದಿರುತ್ತೆ, ಐಡಿ ಕಿತ್ಕೊಂಡು ಸೆಕ್ಯುರಿಟಿ ಕರೀತಾಳೆ. ಆಮೇಲೆ ಜೆರಾರ್ಡ್ ಬಂದಾಗ ಹುಡುಗ ಹೇಗಿದ್ದಾನೆ ಅಂತ ಕೇಳ್ತಾನೆ, ಇವನೇ ಉಳಿಸಿದ್ದು ಅಂತ ಉತ್ತರ. ಕೆಲವೇ ನಿಮಿಷ. ಸೀರೀಸಿನ ಆತ್ಮ ಏನಿತ್ತೋ, ಸಹಾಯ ಮಾಡಿದ್ರೆ ಸಿಕ್ಕಿಬೀಳ್ತೀನಿ ಆದ್ರೂ ಮಾಡ್ತೀನಿ ಅನ್ನೋದು, ಪೂರ್ತಿ ಇದರಲ್ಲಿ ಬಂತು, ಜೊತೆಗೆ ಜೆರಾರ್ಡ್ ಮನಸ್ಸಲ್ಲಿ ಅನುಮಾನದ ಬೀಜಾನೂ ಬಿತ್ತು. ಒಂದು ಸೀನು ಎರಡೂ ಕಾಲಂ ತುಂಬ್ಸೋದು ಅಂದ್ರೆ ಇದು. ನಾನು ಈ ಕಾರ್ಡನ್ನ ಈಗ್ಲೂ ಬರೆಯೋ ಮೇಜಿನ ಎದುರು ಅಂಟ್ಸಿದೀನಿ.

ಇನ್ನೊಂದು ದೊಡ್ಡ ಬದಲಾವಣೆ ಕೊಲೆಗೆ ಕಾರಣ. ಸೀರೀಸಲ್ಲಿ ಒಂಟಿಗೈಯವನು ಕಳ್ಳತನಕ್ಕೆ ಬಂದೋನು, ನಾಲ್ಕು ವರ್ಷ ಹುಡುಕಾಟಾನೇ ಕಥೆ ಆದಾಗ ಅದು ಸಾಕು. ಎರಡು ಗಂಟೆ ಸಿನಿಮಾಗೆ ಸಾಲಲ್ಲ, ಸಿಕ್ಕಿದ ತಕ್ಷಣ ಕಥೆ ಮುಗಿದೋಗುತ್ತೆ. ಅದಕ್ಕೆ ಜೆಬ್ ಸ್ಟುವರ್ಟ್, ಡೇವಿಡ್ ಟೂಹಿ ಸ್ಕ್ರಿಪ್ಟಲ್ಲಿ ಒಂಟಿಗೈ ಅರ್ಧ ದಾರಿ ಮಾತ್ರ, ಅವನ ಹಿಂದೆ ಔಷಧಿ ಕಂಪನಿ, ಅದರ ಹಿಂದೆ ಸ್ನೇಹಿತ ಡಾಕ್ಟರ್. ಕಿಂಬಲ್ ಕೂಡ ಮಕ್ಕಳ ಡಾಕ್ಟರ್ ಬದ್ಲು ರಕ್ತನಾಳದ ಸರ್ಜನ್ ಆದ, ಹಾಗಾಗಿ ಆ ಕಂಪನಿಯ ಔಷಧಿ ಪರೀಕ್ಷೆಯಲ್ಲಿ ಲಿವರ್ ಸ್ಯಾಂಪಲ್ ಅದಲುಬದಲಾಗಿರೋದನ್ನ ಹಿಡಿಯೋ ವಿದ್ಯೆ ಅವನ ಹತ್ರಾನೇ ಇದೆ. ಇದು ತುಂಬಾ ಮುಖ್ಯ, ನಾಯಕನ ವೃತ್ತಿನೇ ಗಂಟು ಬಿಚ್ಚೋ ಕೀಲಿ ಆಗ್ಬೇಕು.

ಜನ ರೈಲು ಅಪಘಾತ ಹೊಗಳ್ತಾರೆ, ಹೊಗಳ್ಲೇಬೇಕು, ನಾರ್ತ್ ಕೆರೊಲಿನಾದ ಡಿಲ್ಸ್‌ಬರೊ ಹತ್ರ ನಿಜವಾದ ರೈಲನ್ನೇ ಗುದ್ದಿಸಿ ತೆಗೆದಿದ್ದು. ಆದ್ರೆ ಬರೆಯೋರು ಕಲೀಬೇಕಾದ್ದು ಅದರ ಮುಂದಿನ ಮಾತಲ್ಲಿದೆ ಅನ್ಸುತ್ತೆ. ಜೆರಾರ್ಡ್ ಬಂದು ಲೆಕ್ಕ ಹೇಳ್ತಾನೆ, ಓಡಿ 90 ನಿಮಿಷ ಆಯ್ತು, ಗಾಯ ಆಗಿಲ್ಲ ಅಂದ್ರೆ ಉಬ್ಬುತಗ್ಗಿನ ನೆಲದ ಮೇಲೆ ಗಂಟೆಗೆ 4 ಮೈಲಿ, ಅಂದ್ರೆ ತ್ರಿಜ್ಯ 6 ಮೈಲಿ. ಆ ಒಂದು ಮಾತಿಗೆ ನೋಡೋರ ತಲೇಲಿ ಮ್ಯಾಪ್ ಬಿದ್ದೋಗುತ್ತೆ, ಇವನು ಎಷ್ಟು ಜಾಣ ಅಂತಾನೂ ಗೊತ್ತಾಗುತ್ತೆ, ಕಿಂಬಲ್‌ಗೆ ಎಷ್ಟು ಜಾಗ ಉಳಿದಿದೆ ಅಂತಾನೂ.

ನನ್ನ ಸ್ವಂತ ಸ್ಕ್ರಿಪ್ಟ್‌ಗೆ ಈಗ ಇದೇ ಎರಡು ಕಾಲಂ. ಒಂದು ಡ್ರಾಫ್ಟ್ ಮುಗಿದ್ಮೇಲೆ ಡೈಲಾಗ್ ಮುಟ್ಟೋಕೆ ಮುಂಚೆ ಕಾರ್ಡ್ ಮಾಡ್ತೀನಿ, ಎರಡೂ ಕಾಲಂ ಖಾಲಿ ಇರೋ ಸೀನ್ ಎಷ್ಟೇ ಚೆನ್ನಾಗಿದ್ರೂ ತೆಗೀತೀನಿ, ಒಂದೇ ತುಂಬಿದ್ರೆ ಪಕ್ಕದ ಸೀನ್ ಜೊತೆ ಸೇರ್ಸಕ್ಕಾಗುತ್ತಾ ನೋಡ್ತೀನಿ. ಹಿಡಿಯೋನ ಕಾಲಂ ತುಂಬಾ ಹೊತ್ತು ಖಾಲಿ ಬಿದ್ರೆ ಅಲ್ಲಿ ಕಥೆ ಸಡಿಲ ಆಗಿರುತ್ತೆ.

ಈಗ ಟ್ರಾಫಿಕ್ ಶುರು ಮಾಡಿದೀನಿ, 1989ರ ಬ್ರಿಟಿಷ್ ಸೀರೀಸು, 2000ದಲ್ಲಿ ಸ್ಟೀವನ್ ಸೋಡರ್‌ಬರ್ಗ್ ಸಿನಿಮಾ. ಅಲ್ಲಿ ಪಾಕಿಸ್ತಾನದ ಹೆರಾಯಿನ್ ದಾರಿ ಇಲ್ಲಿ ಮೆಕ್ಸಿಕೋ ಗಡಿ ಆಗಿದೆ, ಒಬ್ಬ ಓಡೋನು ಒಬ್ಬ ಹಿಡಿಯೋನು ಅಂತಿಲ್ಲ, ಬೇರೆ ಬೇರೆ ಕಥೆಗಳು ಒಟ್ಟಿಗೆ ಓಡ್ತವೆ. ಎರಡು ಕಾಲಮ್ಮಿಗೆ ಬಗ್ಗೋದಲ್ಲ ಅದು, ಹಾಗಾಗಿ ಕಾರ್ಡನ್ನೇ ಹೊಸದಾಗಿ ಗೆರೆ ಹಾಕ್ಕೊಂಡು ಕೂತಿದೀನಿ.