ವೆಂಬ್ಲಿ, ಹ್ಯಾರೋ ಕಡೆ ಹೊಸದಾಗಿ ಬಂದವರಿಗೆ: ಕೈಗೆಟುಕುವ ಊಟ ಎಲ್ಲಿ ಸಿಗುತ್ತದೆ

ಲಂಡನ್ನಿಗೆ ಬಂದ ಮೊದಲ ಏಳು ತಿಂಗಳು ನಾನು ಹೊರಗೆ ಕೂತು ಒಂದು ಬಿಸಿ ಊಟ ಮಾಡಲಿಲ್ಲ. ಯಾವ ಬೆಲೆ ನೋಡಿದರೂ ಮನಸ್ಸು ಅದನ್ನು ನೂರರಿಂದ ಗುಣಿಸುತ್ತಿತ್ತು. ಎಂಟು ಪೌಂಡಿನ ತಟ್ಟೆ ಎಂಟುನೂರು ರೂಪಾಯಿಯಾಗಿ ಕಾಣುತ್ತಿತ್ತು. ಅಷ್ಟು ದುಡ್ಡಿಗೆ ಊರಲ್ಲಿ ಮನೆಯವರೆಲ್ಲ ಮಸಾಲೆ ದೋಸೆ, ಕಾಫಿ ಮುಗಿಸಿ ಬರಬಹುದಲ್ವಾ ಅಂತ ಬಾಗಿಲಿನಿಂದಲೇ ವಾಪಸ್ ಬರುತ್ತಿದ್ದೆ. ಮಧ್ಯಾಹ್ನ ಆಫೀಸಿನ ಮೇಜಿನ ಮೇಲೆ ಸೂಪರ್‌ಮಾರ್ಕೆಟ್ಟಿನ ತಣ್ಣಗಿನ ಸ್ಯಾಂಡ್‌ವಿಚ್. ರಾತ್ರಿ ಅನ್ನ, ತಿಳಿಸಾರು. ದುಡ್ಡೇನೋ ಉಳಿಯಿತು. ಆದರೆ ಆ ಏಳು ತಿಂಗಳಲ್ಲಿ ನಮ್ಮ ಬೀದಿಯ ಒಬ್ಬರ ಪರಿಚಯವೂ ಆಗಲಿಲ್ಲ. ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ. ನಿಮಗೆ ಹಾಗಾಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ರೂಪಾಯಿ ಲೆಕ್ಕ ಬಿಡಿ ಅಂತ ಎಲ್ಲರೂ ಹೇಳುತ್ತಾರೆ. ಸುಮ್ನೆ ಹೇಳಿದರೆ ಬಿಡಲಾಗುವುದಿಲ್ಲ. ನನಗೆ ಕೈ ಹಿಡಿದದ್ದು ಬೇರೊಂದು ಲೆಕ್ಕ. ತೆರಿಗೆ ಕಳೆದು ಕೈಗೆ ಬರುವ ಸಂಬಳದಲ್ಲಿ ನನ್ನ ಒಂದು ಗಂಟೆಗೆ ಎಷ್ಟು ಬೀಳುತ್ತದೆ ಅಂತ ನೋಡಿಕೊಂಡೆ. ಒಂದು ಊಟಕ್ಕೆ ಅದರ ಅರ್ಧದವರೆಗೆ ಕೊಡಬಹುದು ಅಂತ ಗೆರೆ ಹಾಕಿಕೊಂಡೆ. ಆಮೇಲೆ ಬಾಗಿಲಲ್ಲಿ ನಿಂತು ಒದ್ದಾಡುವುದು ತಪ್ಪಿತು.

ಇನ್ನೊಂದು ತಪ್ಪು ಮೊದಲ ಯುಗಾದಿಯ ದಿನದ್ದು. ಹಬ್ಬದ ದಿನವಾದರೂ ಹೊರಗೆ ಹೋಗೋಣ ಅಂದಳು ಹೆಂಡತಿ. ಮಗಳಿಗೆ ಆಗ ಐದು ವರ್ಷ. ದೊಡ್ಡ ರಸ್ತೆಯಲ್ಲಿ ‘ಇಂಡಿಯನ್’ ಅಂತ ಬೋರ್ಡು ಇದ್ದ ಕಡೆಗೇ ಹೋದೆವು. ಕೂತ ಕೂಡಲೇ ಹಪ್ಪಳ, ಮೂರು ಬಗೆಯ ಚಟ್ನಿ ತಂದಿಟ್ಟರು. ಹಬ್ಬದ ಉಪಚಾರ ಅಂದುಕೊಂಡು ತಿಂದೆವು. ನೀರು ಯಾವುದು ಬೇಕು ಅಂದಾಗ ಹೂಂ ಅಂದೆ, ಬಾಟಲಿ ಬಂತು. ಹೆಸರಿನಲ್ಲಿ ಮದ್ರಾಸ್ ಇದೆ ಅಂತ ತರಿಸಿದ ಪಲ್ಯಕ್ಕೂ ಮದ್ರಾಸಿಗೂ ಯಾವ ಸಂಬಂಧವೂ ಇರಲಿಲ್ಲ, ಖಾರಕ್ಕೆ ಮಗಳು ಅತ್ತಳು. ಬಿಲ್ಲಿನಲ್ಲಿ ಹಪ್ಪಳಕ್ಕೆ ತಲೆಗಿಷ್ಟು, ನೀರಿಗೆ ಇಷ್ಟು, ಮೇಲೆ ಹನ್ನೆರಡೂವರೆ ಪರ್ಸೆಂಟ್ ಸರ್ವಿಸ್ ಚಾರ್ಜ್. ಬಸ್ಸಿನಲ್ಲಿ ವಾಪಸ್ ಬರುವಾಗ ನಾವಿಬ್ಬರೂ ಮಾತಾಡಲಿಲ್ಲ.

ಆಮೇಲೆ ಗೊತ್ತಾಯಿತು. ಇಲ್ಲಿನ ‘ಇಂಡಿಯನ್’ ರೆಸ್ಟೋರೆಂಟುಗಳಲ್ಲಿ ಬಹಳಷ್ಟನ್ನು ನಡೆಸುವವರು ಬಾಂಗ್ಲಾದೇಶದ ಸಿಲ್ಹೆಟ್ ಕಡೆಯವರು. ಅಡುಗೆಯನ್ನು ಇಂಗ್ಲಿಷರ ನಾಲಿಗೆಗೆ ಹೊಂದಿಸಿ ಕಟ್ಟಿದ್ದಾರೆ. ಆ ಪಟ್ಟಿಯಲ್ಲಿ ಮದ್ರಾಸ್, ವಿಂಡಾಲೂ ಅಂದರೆ ಖಾರದ ಮಟ್ಟಗಳು. ತಲೆಮಾರುಗಟ್ಟಲೆ ದುಡಿದು ಬೆಳೆಸಿದ ಅಡುಗೆ ಅದು, ಅದರ ಬಗ್ಗೆ ನನಗೆ ಗೌರವವಿದೆ. ನಾನು ಅಲ್ಲಿ ನಮ್ಮ ಮನೆಯ ರುಚಿ ಹುಡುಕಿದ್ದೇ ತಪ್ಪು. ನೀವು ಹೋದರೆ, ಕೇಳದೆ ಬಂದ ಹಪ್ಪಳವನ್ನು ಬೇಡ ಅಂತ ವಾಪಸ್ ಕಳಿಸಿ. ‘ಟ್ಯಾಪ್ ವಾಟರ್’ ಅಂತಲೇ ಕೇಳಿ. ಮದ್ಯದ ಲೈಸೆನ್ಸ್ ಇರುವ ಕಡೆ ಕುಡಿಯುವ ನೀರನ್ನು ಪುಕ್ಕಟೆ ಕೊಡಲೇಬೇಕು ಅನ್ನುವುದು ಕಾನೂನು. ‘ಆಪ್ಷನಲ್’ ಅಂತ ಬರೆದಿರುವ ಸರ್ವಿಸ್ ಚಾರ್ಜನ್ನು ತೆಗೆಸಲೂಬಹುದು, ಯಾರೂ ಜಗಳಕ್ಕೆ ಬರುವುದಿಲ್ಲ.

ಅಗ್ಗದ ಒಳ್ಳೆಯ ಊಟ ಸಿಗುವುದು ಎಲ್ಲಿ ಅಂದರೆ, ವಾರದ ನಡುವೆ ಮಧ್ಯಾಹ್ನ ಅಂಗಡಿಯವರ ಕಡೆಯ ಮಂದಿಯೇ ಬಂದು ತಿನ್ನುವ ಕಡೆ. ಮಂಗಳವಾರ ಒಂದು ಗಂಟೆಗೆ ಗಾಜಿನಿಂದ ಒಳಗೆ ನೋಡಿ. ಅಜ್ಜ ಅಜ್ಜಿಯರು, ಮೈಮೇಲೆ ಸುಣ್ಣದ ಧೂಳಿರುವ ಕೆಲಸಗಾರರು, ಬಸ್ ಡ್ರೈವರುಗಳು ಕೂತಿದ್ದರೆ ಧೈರ್ಯವಾಗಿ ಒಳಗೆ ಹೋಗಿ. ಈ ಜನ ದಿನಾ ತಿನ್ನುವವರು. ಅವರಿಗೆ ಜಾಸ್ತಿ ಬೆಲೆ ಹಾಕಿದರೆ ಅಂಗಡಿ ನಡೆಯುವುದಿಲ್ಲ.

ವೆಂಬ್ಲಿಯ ಈಲಿಂಗ್ ರೋಡಿನಿಂದ ಶುರು ಮಾಡಿ. ಗುಜರಾತಿಗಳ ಬೀದಿ ಅದು. ಅವರಲ್ಲಿ ಅನೇಕರು ಪೂರ್ವ ಆಫ್ರಿಕಾದಿಂದ ಬಂದವರು. 1972ರಲ್ಲಿ ಉಗಾಂಡದಿಂದ ಇದಿ ಅಮೀನ್ ಹೊರಗೆ ಹಾಕಿದಾಗ ಕೈಯಲ್ಲಿ ಹಿಡಿದದ್ದನ್ನಷ್ಟೇ ತಂದವರೂ ಅವರಲ್ಲಿದ್ದಾರೆ. ಅಲ್ಲಿ ‘ಮೊಗೊ’ ಅಂತ ಕೇಳಿ. ನಮ್ಮ ಮರಗೆಣಸು! ಉದ್ದುದ್ದ ಸೀಳಿ ಕರಿದು, ಖಾರದ ಪುಡಿ ಉದುರಿಸಿ, ನಿಂಬೆಹಣ್ಣು ಇಟ್ಟು ಕೊಡುತ್ತಾರೆ. ಫರ್ಸಾಣ್, ಅಂದರೆ ಗುಜರಾತಿ ತಿಂಡಿಯ, ಅಂಗಡಿಗಳ ಗಾಜಿನ ಕಪಾಟಿನಲ್ಲಿ ಖಮನ್, ಥೇಪ್ಲಾದ ಪಕ್ಕದಲ್ಲಿ ‘ಪಾತ್ರಾ’ ಅಂತ ಇರುತ್ತದೆ. ಮೊದಲ ಸಲ ನೋಡಿ ಅಲ್ಲೇ ನಿಂತುಬಿಟ್ಟೆ. ಕೆಸುವಿನ ಎಲೆ ಸುತ್ತಿ, ಬೇಯಿಸಿ, ಬಿಲ್ಲೆಯಾಗಿ ಹೆಚ್ಚಿದ್ದು. ಅಮ್ಮ ಮಳೆಗಾಲದಲ್ಲಿ ಮಾಡುತ್ತಿದ್ದ ಪತ್ರೊಡೆಯ ಅಕ್ಕನೋ ತಂಗಿಯೋ. ಅಕ್ಕಿಯ ಬದಲು ಕಡಲೆ ಹಿಟ್ಟು, ಸ್ವಲ್ಪ ಸಿಹಿ. ನನ್ನ ಮುಖ ನೋಡಿ ಗಲ್ಲಾದ ಹಿಂದಿದ್ದ ಅಜ್ಜಿ ಒಂದು ಬಿಲ್ಲೆಯನ್ನು ಕಾಗದದ ಚೂರಿನ ಮೇಲಿಟ್ಟು ಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ. ಇಲ್ಲಿಗೆ ಬಂದ ಮೇಲೆ ಕೇಳದೆ ಯಾರಾದರೂ ನನಗೆ ತಿನ್ನಲು ಕೊಟ್ಟದ್ದು ಅದೇ ಮೊದಲು.

ಈ ಅಂಗಡಿಗಳಿಂದ ಇನ್ನೊಂದು ದೊಡ್ಡ ಉಪಕಾರವಿದೆ. ನಮಗೆ ಸಂಜೆ ನಾಲ್ಕೂವರೆಗೆ ತಿಂಡಿ ಬೇಕು. ಆ ಹೊತ್ತಿಗೆ ಇಂಗ್ಲಿಷ್ ಕೆಫೆಗಳು ಕುರ್ಚಿ ಎತ್ತಿಡುತ್ತಿರುತ್ತವೆ, ಎಷ್ಟೋ ಪಬ್ಬುಗಳ ಅಡುಗೆಮನೆ ರಾತ್ರಿಯ ಊಟದವರೆಗೆ ಮುಚ್ಚಿರುತ್ತದೆ. ಫರ್ಸಾಣ್ ಅಂಗಡಿಯಲ್ಲಿ ಆಗ ಬಾಣಲೆ ಕಾಯುತ್ತಿರುತ್ತದೆ. ಅದೇ ಬೀದಿಯಲ್ಲಿ 2010ರಲ್ಲಿ ತೆರೆದ ಸನಾತನ ಹಿಂದೂ ಮಂದಿರವಿದೆ, ಕಲ್ಲಿನ ಕೆತ್ತನೆ ನೋಡಿ ಬನ್ನಿ. ಮನೆಗೆ ಬಂದ ಹಿರಿಯರು ಈರುಳ್ಳಿ, ಬೆಳ್ಳುಳ್ಳಿ ಮುಟ್ಟದವರಾದರೆ ನೀಸ್ಡನ್‌ನ ಸ್ವಾಮಿನಾರಾಯಣ ಮಂದಿರದ ಎದುರಿನ ಶಾಯೋನಾಕ್ಕೆ ಕರೆದುಕೊಂಡು ಹೋಗಿ. ಅಲ್ಲಿ ಅವೆರಡನ್ನೂ ಹಾಕುವುದೇ ಇಲ್ಲ.

ದೋಸೆ, ಇಡ್ಲಿಯ ಆಸೆಯಾದರೆ ‘ಸೌತ್ ಇಂಡಿಯನ್’ ಬೋರ್ಡಿಗಿಂತ ಮೊದಲು ಶ್ರೀಲಂಕಾ ತಮಿಳರ ಅಂಗಡಿ ಹುಡುಕಿ. ಹ್ಯಾರೋ, ವೆಂಬ್ಲಿಯಲ್ಲೂ ಇವೆ, ದಕ್ಷಿಣದ ಟೂಟಿಂಗ್‌ನಲ್ಲೂ ಪೂರ್ವದ ಈಸ್ಟ್ ಹ್ಯಾಮ್‌ನಲ್ಲೂ ಇವೆ. 1983ರಲ್ಲಿ ಶ್ರೀಲಂಕಾದಲ್ಲಿ ತಮಿಳರ ಮೇಲೆ ನಡೆದ ಗಲಭೆಯ ನಂತರ ಮನೆ ಮಠ ಬಿಟ್ಟು ಬಂದವರು, ಅವರ ಮಕ್ಕಳು ನಡೆಸುವ ಅಂಗಡಿಗಳು ಇವುಗಳಲ್ಲಿ ಜಾಸ್ತಿ. ಅಲ್ಲಿ ಸಿಗುವ ಇಡಿಯಾಪ್ಪ ನಮ್ಮ ಒತ್ತು ಶ್ಯಾವಿಗೆಯೇ. ಪುಟ್ಟ ಚಕ್ಕುಲಿಯ ಹಾಗೆ ಒತ್ತಿ, ಬೇಯಿಸಿ, ಒಂದರ ಮೇಲೊಂದು ಜೋಡಿಸಿಟ್ಟಿರುತ್ತಾರೆ. ಜೊತೆಗೆ ತೆಂಗಿನಹಾಲಿನ ಸೊದಿ, ಕೆಂಪಗಿನ ಕಾಯಿ ಸಂಬಲ್. ಒಬ್ಬರಿಗೆ ಹೊಟ್ಟೆ ತುಂಬುತ್ತದೆ, ಬೆಲೆ ನೋಡಿ ಎದೆ ಹೊಡೆದುಕೊಳ್ಳುವುದಿಲ್ಲ. ಮಾಂಸ ತಿನ್ನುವವರಿಗೆ ಮಟನ್ ರೋಲ್, ಕೊತ್ತು ರೊಟ್ಟಿ ಇದೆ. ಕಾದ ಹೆಂಚಿನ ಮೇಲೆ ಎರಡು ಕೈಯಲ್ಲೂ ರೊಟ್ಟಿ ಕೊಚ್ಚುವ ಸದ್ದು ರಸ್ತೆಯವರೆಗೂ ಕೇಳುತ್ತದೆ. ಸಸ್ಯಾಹಾರಿಗಳು ಒಂದು ಮಾತು ನೆನಪಿಡಿ. ಸಂಬಲ್ಲಿಗೆ ಒಣಗಿದ ಮಾಲ್ಡೀವ್ ಮೀನಿನ ಪುಡಿ ಹಾಕುವ ರೂಢಿಯಿದೆ. ನಾನು ಮೂರು ತಿಂಗಳು ತಿಂದಾದ ಮೇಲೆ ಕೇಳಿದೆ. ನೀವು ಮೊದಲ ದಿನವೇ ಕೇಳಿ, ಬೇಜಾರು ಮಾಡಿಕೊಳ್ಳುವುದಿಲ್ಲ.

ಮೀನಿನ ಮಾತು ಬಂದಿದ್ದಕ್ಕೆ ಉಳಿದದ್ದನ್ನೂ ಹೇಳಿಬಿಡುತ್ತೇನೆ. ಚಿಪ್ಸ್ ಕರಿಯುವ ಎಣ್ಣೆಯಲ್ಲಿ ಮೀನೂ ಬಿದ್ದಿರಬಹುದು, ಕೆಲವು ಕಡೆ ದನದ ಕೊಬ್ಬಿನಲ್ಲೇ ಕರಿಯುತ್ತಾರೆ. ತರಕಾರಿ ಸೂಪಿನ ನೀರು ಕೋಳಿ ಬೇಯಿಸಿದ ನೀರಾಗಿರಬಹುದು. ಪಾರ್ಮೆಸಾನ್ ಚೀಸಿಗೆ ಕರುವಿನ ಹೊಟ್ಟೆಯ ಹೆಪ್ಪು ಹಾಕುತ್ತಾರೆ. ‘ವೆಜಿಟೇರಿಯನ್’ ಅಥವಾ ‘ವೀಗನ್’ ಗುರುತು ನೋಡಿ, ಇಲ್ಲದಿದ್ದರೆ ಬಾಯಿ ಬಿಟ್ಟು ಕೇಳಿ.

ಸಂಬಳ ಬರುವ ಮುನ್ನ ಕೈ ಖಾಲಿಯಾದ ವಾರ ಎಲ್ಲರಿಗೂ ಬರುತ್ತದೆ. ನನಗೂ ಬಂದಿತ್ತು. ಆಗ ಜೊತೆಯ ಪಂಜಾಬಿ ಹುಡುಗ ಸೌತಾಲ್‌ನ ಹ್ಯಾವ್‌ಲಾಕ್ ರೋಡಿನ ಗುರುದ್ವಾರಕ್ಕೆ ಕರೆದುಕೊಂಡು ಹೋದ. ಅಲ್ಲಿನ ಲಂಗರಿನಲ್ಲಿ ಯಾರು ಬಂದರೂ ಊಟ. ಚಪ್ಪಲಿ ಬಿಟ್ಟು, ತಲೆಗೆ ಬಟ್ಟೆ ಕಟ್ಟಿ, ನೆಲದ ಮೇಲೆ ಸಾಲಾಗಿ ಕೂತೆವು. ಸ್ಟೀಲ್ ತಟ್ಟೆಗೆ ದಾಲ್, ಪಲ್ಯ, ಮೊಸರು ಬಿತ್ತು. ಬುಟ್ಟಿ ಹಿಡಿದ ಮುದುಕರೊಬ್ಬರು ‘ಪರ್ಶಾದಾ ಜೀ’ ಅನ್ನುತ್ತ ಬಂದರು. ರೊಟ್ಟಿಗೆ ಒಂದು ಕೈ ಚಾಚಿದೆ. ಗೆಳೆಯ ಮೆಲ್ಲಗೆ ಮೊಣಕೈ ತಟ್ಟಿ, ಎರಡೂ ಕೈ ಜೋಡಿಸಿ ಹಿಡಿಯಲು ಹೇಳಿಕೊಟ್ಟ. ನನ್ನ ಎಡಕ್ಕೆ ಬ್ಯಾಗು ಹೊತ್ತ ವಿದ್ಯಾರ್ಥಿ, ಬಲಕ್ಕೆ ಇಬ್ಬರು ಇಂಗ್ಲಿಷ್ ಗಂಡಸರು. ಧರ್ಮಸ್ಥಳದ ಪಂಕ್ತಿಯಲ್ಲಿ ಅಪ್ಪನ ಪಕ್ಕ ಕೂತಿದ್ದ ನೆನಪಾಗಿ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ. ಥೇಮ್ಸ್ ದಂಡೆಯಲ್ಲಿ 2015ರಿಂದ ಬಸವಣ್ಣನವರ ಪ್ರತಿಮೆ ಇದೆ, ಬಂದ ಕನ್ನಡಿಗರೆಲ್ಲ ಹೋಗಿ ಫೋಟೊ ತೆಗೆಸಿಕೊಳ್ಳುತ್ತೇವೆ. ದಾಸೋಹ ಅನ್ನುವ ಮಾತು ನನ್ನ ಒಳಗಿಳಿದದ್ದು ಮಾತ್ರ ಆ ನೆಲದ ಮೇಲೆ ಕೂತಾಗ.

ಹೋದರೆ ತಟ್ಟೆಯಲ್ಲಿ ಬಿಡಬೇಡಿ. ತಿಂದು ಎದ್ದು ಬರಬೇಡಿ, ಒಂದು ಅರ್ಧ ಗಂಟೆ ಪಾತ್ರೆ ತೊಳೆಯುವ ಕಡೆ ನಿಲ್ಲಿ. ಹಣ ಇಲ್ಲದ ವಾರ ಹೋದವರು ಹಣ ಬಂದ ವಾರ ಒಂದು ಚೀಲ ಹಿಟ್ಟು ತೆಗೆದುಕೊಂಡು ಹೋಗಿ.

ಇಂಗ್ಲಿಷರ ಹಳೇ ಕೆಫೆಗಳನ್ನೂ ಬಿಡಬೇಡಿ. ಬೆಳಗ್ಗೆ ಬೇಗ ತೆರೆದು ಮಧ್ಯಾಹ್ನ ಮೂರರ ಸುಮಾರಿಗೆ ಮುಚ್ಚುತ್ತವೆ. ಟೋಸ್ಟ್ ಮೇಲೆ ಬೇಯಿಸಿದ ಬೀನ್ಸ್, ದೊಡ್ಡ ಮಗ್ಗಿನಲ್ಲಿ ಗಟ್ಟಿ ಚಹಾ. ಎಷ್ಟೋ ಚರ್ಚುಗಳು ವಾರಕ್ಕೊಂದು ಬೆಳಗ್ಗೆ ಸಭಾಂಗಣದಲ್ಲಿ ಚಹಾ, ಕೇಕ್, ಸೂಪು ಇಡುತ್ತವೆ, ಬೆಲೆ ತೀರಾ ಕಡಿಮೆ. ಯಾರೂ ಧರ್ಮದ ಮಾತು ಎತ್ತುವುದಿಲ್ಲ. ಅಲ್ಲಿ ಬರುವ ಒಂಟಿ ಮುದುಕರಿಗೆ ಮಾತು ಬೇಕು, ನಮಗೂ ಬೇಕು. ನನ್ನ ಮಗಳಿಗೆ ಒಳ್ಳೆಯ ದಂತವೈದ್ಯರು ಸಿಕ್ಕಿದ್ದು ಅಂಥ ಒಂದು ಮೇಜಿನ ಮಾತಿನಿಂದ.

ಸಣ್ಣಪುಟ್ಟದ್ದು ಬೇಗ ಹೇಳುತ್ತೇನೆ. ಬಾಗಿಲ ಮೇಲೆ ಸೊನ್ನೆಯಿಂದ ಐದರವರೆಗಿನ ಹಸಿರು ಶುಚಿತ್ವದ ಅಂಕಿ ನೋಡಿ. ಇಂಗ್ಲೆಂಡಿನಲ್ಲಿ ಅದನ್ನು ಹಾಕಲೇಬೇಕೆಂಬ ನಿಯಮವಿಲ್ಲ, ಕಾಣದಿದ್ದರೆ ಫುಡ್ ಸ್ಟ್ಯಾಂಡರ್ಡ್ಸ್ ಏಜೆನ್ಸಿಯ ತಾಣದಲ್ಲಿ ಹೆಸರು ಹಾಕಿ ನೋಡಿ. ‘ಹೋಟೆಲ್’ ಅಂದರೆ ಇಲ್ಲಿ ಉಳಿಯುವ ಜಾಗ, ‘ಪಾರ್ಸೆಲ್’ ಅಂದರೆ ಅಂಚೆ. ಕಟ್ಟಿಸಿಕೊಳ್ಳಲು ‘ಟೇಕ್‌ಅವೇ’ ಅನ್ನಿ. ಕೂತು ತಿಂದರೆ ಇಪ್ಪತ್ತು ಪರ್ಸೆಂಟ್ ವ್ಯಾಟ್ ಬೀಳುತ್ತದೆ, ಸ್ಯಾಂಡ್‌ವಿಚ್‌ನಂಥ ತಣ್ಣಗಿನ ತಿಂಡಿ ಕಟ್ಟಿಸಿಕೊಂಡರೆ ಬೀಳುವುದಿಲ್ಲ, ಅದಕ್ಕೇ ಎರಡು ಬೆಲೆ ಬರೆದಿರುತ್ತಾರೆ. ಬಸ್ಸಿನಲ್ಲಿ ಒಂದು ಸಲ ಕಾರ್ಡು ತಟ್ಟಿದರೆ ಒಂದು ಗಂಟೆಯೊಳಗೆ ಬೇರೆ ಬಸ್ಸುಗಳನ್ನೂ ಅದೇ ಚಾರ್ಜಿನಲ್ಲಿ ಹತ್ತಬಹುದು, ಹನ್ನೊಂದರೊಳಗಿನ ಮಕ್ಕಳಿಗೆ ಬಸ್ಸು ಪುಕ್ಕಟೆ. ಮನೆಗೆ ತರಿಸುವ ಆ್ಯಪುಗಳ ಸಹವಾಸ ಕಡಿಮೆ ಮಾಡಿ, ಅದೇ ತಟ್ಟೆಗೆ ಜಾಸ್ತಿ ಕೊಡುತ್ತೀರಿ.

ಮಕ್ಕಳಿರುವವರು ಇದನ್ನು ಗಮನವಿಟ್ಟು ಓದಿ. ಇಂಗ್ಲೆಂಡಿನ ಸರ್ಕಾರಿ ಶಾಲೆಗಳಲ್ಲಿ ಮೊದಲ ಮೂರು ತರಗತಿಗಳಿಗೆ, ಅಂದರೆ ರಿಸೆಪ್ಷನ್, ಒಂದು ಮತ್ತು ಎರಡನೇ ವರ್ಷಕ್ಕೆ, 2014ರಿಂದ ಮಧ್ಯಾಹ್ನದ ಊಟ ಉಚಿತ. ಲಂಡನ್ನಿನಲ್ಲಿ 2023ರ ಸೆಪ್ಟೆಂಬರಿನಿಂದ ಪ್ರೈಮರಿಯ ಎಲ್ಲ ಮಕ್ಕಳಿಗೂ ಕೊಡುತ್ತಿದ್ದಾರೆ. ಸಸ್ಯಾಹಾರವೂ ಇರುತ್ತದೆ. ಇದು ಗೊತ್ತಿದ್ದೂ ನಾನು ಹಟ ಮಾಡಿ ಮಗಳಿಗೆ ಡಬ್ಬಿ ಕಟ್ಟುತ್ತಿದ್ದೆ. ಅವಳು ನಮ್ಮ ರುಚಿ ಮರೆಯಬಾರದು ಅನ್ನುವ ಆತಂಕ. ಚಿತ್ರಾನ್ನ ಹಾಗೇ ವಾಪಸ್ ಬರುತ್ತಿತ್ತು. ಬೈದೆ ಕೂಡ. ಒಂದು ದಿನ ಅವಳು ಅಳುತ್ತ ಹೇಳಿದಳು, ಡಬ್ಬಿ ತಂದವರಿಗೆ ಬೇರೆ ಮೇಜಂತೆ, ಗೆಳತಿಯರೆಲ್ಲ ಆ ಕಡೆ ಬಿಸಿ ಊಟದ ಮೇಜಿನಲ್ಲಿ ಕೂರುತ್ತಾರಂತೆ. ಒಂದು ವರ್ಷ ಅವಳನ್ನು ಬೇರೆ ಮೇಜಿಗೆ ಕಳಿಸಿದ್ದು ನಾನು. ಮರುದಿನವೇ ಶಾಲೆಯ ಊಟಕ್ಕೆ ಹೆಸರು ಕೊಟ್ಟೆ. ಈಗ ಅವಳಿಗೆ ಜಾಕೆಟ್ ಪೊಟೇಟೊ, ಅಂದರೆ ಸಿಪ್ಪೆ ಸಮೇತ ಸುಟ್ಟ ಆಲೂಗಡ್ಡೆ, ಅಂದರೆ ಪ್ರಾಣ. ಮಳೆ ಬಂದ ದಿನ ಅದನ್ನೇ ಕೇಳುತ್ತಾಳೆ, ನಾನು ಅವಳ ವಯಸ್ಸಲ್ಲಿ ಮೆಣಸಿನಕಾಯಿ ಬಜ್ಜಿ ಕೇಳುತ್ತಿದ್ದ ಹಾಗೆ. ದರ್ಶಿನಿಯ ಮುಂದೆ ನಿಂತು ಬೈ ಟೂ ಕಾಫಿ ಕುಡಿಯುವ ಸಂಜೆ ಅವಳ ಬಾಲ್ಯದಲ್ಲಿ ಇರುವುದಿಲ್ಲ. ಅದಕ್ಕೆ ನನಗೆ ನೋವಿದೆ, ಮುಚ್ಚಿಡುವುದಿಲ್ಲ.

ಶನಿವಾರ ಬೆಳಗ್ಗೆ ನಾವಿಬ್ಬರೂ ಬಸ್ಸು ಹಿಡಿದು ಇಡಿಯಾಪ್ಪದ ಅಂಗಡಿಗೆ ಹೋಗುತ್ತೇವೆ. ಬಾಗಿಲು ತೆರೆದ ಕೂಡಲೇ ಅಲ್ಲಿನ ಅಕ್ಕ ಮಗಳನ್ನು ನೋಡಿ ‘ಮೀನ್ ವೇಂಡಾಂ ದಾನೆ?’ ಅನ್ನುತ್ತಾರೆ. ‘ವೇಂಡಾಂ’ ಅನ್ನುತ್ತಾಳೆ ಇವಳು. ಅವರು ಒಳಗಿನಿಂದ ಪುಟ್ಟ ಡಬ್ಬಿ ತಂದು ಕೊಡುತ್ತಾರೆ, ಮೀನು ಹಾಕುವ ಮುಂಚೆ ನಮಗಾಗಿ ತೆಗೆದಿಟ್ಟ ಸಂಬಲ್.