ಇಲ್ಲಿ ಜಡ್ಜ್‌ಗೂ ವೋಟು ಹಾಕಬೇಕು

ಅಮೆರಿಕದ ಪೌರತ್ವ ಸಿಕ್ಕಿ ಮೊದಲ ಸಲ ಮತಪತ್ರ ಕೈಗೆ ಬಂದಾಗ ನಮ್ಮವರು ತಡವರಿಸುವುದು ಕೆಳಗಿನ ಸಾಲುಗಳಲ್ಲಿ. ಎಷ್ಟೋ ರಾಜ್ಯಗಳಲ್ಲಿ ಅಲ್ಲಿ ಜಡ್ಜ್‌ಗಳ ಹೆಸರಿರುತ್ತದೆ. ಜಡ್ಜ್‌ಗೆ ವೋಟಾ ಅಂತ ನಗು ಬರುತ್ತದೆ, ಅಲ್ವಾ? ಸುಮ್ನೆ ಖಾಲಿ ಬಿಟ್ಟು ಬರಬೇಡಿ. ವೆಸ್ಟ್ ವರ್ಜೀನಿಯಾದ ಕಥೆ ಕೇಳಿ.

ಆ ರಾಜ್ಯದ ಸುಪ್ರೀಂ ಕೋರ್ಟ್‌ನಲ್ಲಿ ಐದೇ ಜಡ್ಜ್‌ಗಳು. ಗೆದ್ದರೆ 12 ವರ್ಷ. ಮ್ಯಾಸಿ ಎಂಬ ಕಲ್ಲಿದ್ದಲು ಕಂಪನಿ 5 ಕೋಟಿ ಡಾಲರ್ ಕೊಡಬೇಕೆಂದು ಕೆಳಗಿನ ಕೋರ್ಟಿನಲ್ಲಿ ತೀರ್ಪಾಗಿತ್ತು. ಅಪೀಲು ಬರಬೇಕಿದ್ದದ್ದು ಇದೇ ಐವರ ಮುಂದೆ. 2004ರ ಚುನಾವಣೆಯಲ್ಲಿ ಕಂಪನಿಯ ಮುಖ್ಯಸ್ಥ ಡಾನ್ ಬ್ಲಾಂಕೆನ್‌ಶಿಪ್ ಸುಮಾರು 30 ಲಕ್ಷ ಡಾಲರ್ ಸುರಿದರು. ಅವರಿಗೆ ಬೇಕಾಗಿದ್ದ ಬ್ರೆಂಟ್ ಬೆಂಜಮಿನ್ ಗೆದ್ದರು. ಈ ಕೇಸಿನಿಂದ ದೂರ ಇರಿ ಎಂದು ಕಂಪನಿಯ ಮೇಲೆ ಕೇಸು ಹಾಕಿದ್ದವರು ಕೇಳಿದರೂ ಬೆಂಜಮಿನ್ ಒಪ್ಪಲಿಲ್ಲ. ಕಂಪನಿ 3-2ರಲ್ಲಿ ಗೆದ್ದಿತು. ಬೆಂಜಮಿನ್ ಅಲ್ಲಿ ಕೂರಬಾರದಿತ್ತು ಎಂದು ಇಡೀ ದೇಶದ ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿತು, ಅದೂ 5-4ರಲ್ಲಿ. ತಮಾಷೆ ಏನೆಂದರೆ, ಬೆಂಜಮಿನ್ ಇಲ್ಲದೆ ಮತ್ತೆ ಕೇಳಿದಾಗಲೂ ಕಂಪನಿಯೇ ಗೆದ್ದಿತು.

ಆಮೇಲೆ ಬಂತು ಸೋಫಾ. 32,000 ಡಾಲರ್ ಸೋಫಾ! ಇದೇ ಕೋರ್ಟಿನ ಜಸ್ಟಿಸ್ ಆ್ಯಲನ್ ಲಾಫ್ರಿ ಅವರ ಕೋಣೆಯಲ್ಲಿ ಸರ್ಕಾರಿ ದುಡ್ಡಿನಲ್ಲಿ ತಂದಿಟ್ಟಿದ್ದು. ನೆಲದ ಮೇಲೆ ರಾಜ್ಯದ ನಕ್ಷೆ ಕೆತ್ತಿಸಲು ಇನ್ನೊಂದು 7,500. ಕೋರ್ಟಿನ ಹಳೆಯ ಮೇಜೊಂದು ಅವರ ಮನೆಯಲ್ಲಿತ್ತು. ಇದೇ ಮನುಷ್ಯ ಹಿಂದೆ ಆ ರಾಜ್ಯದ ರಾಜಕೀಯ ಭ್ರಷ್ಟಾಚಾರದ ಮೇಲೆ ದಪ್ಪ ಪುಸ್ತಕ ಬರೆದವರು. 2018ರ ಜುಲೈನಲ್ಲಿ ಒಬ್ಬ ಜಡ್ಜ್ ರಾಜೀನಾಮೆ ಕೊಟ್ಟರು. ಆಗಸ್ಟ್‌ನಲ್ಲಿ ರಾಜ್ಯದ ಶಾಸನಸಭೆಯ ಕೆಳಮನೆ ಉಳಿದ ನಾಲ್ವರನ್ನೂ ಇಂಪೀಚ್ ಮಾಡಿತು, ಅಂದರೆ ಅವರ ಮೇಲೆ ಮಹಾಭಿಯೋಗ ಹೊರಿಸಿತು. ಲಾಫ್ರಿಗೆ ಫೆಡರಲ್ ಕೋರ್ಟ್ ಎರಡು ವರ್ಷ ಜೈಲು ಕೊಟ್ಟಿತು.

ಸುಧಾರಣೆ ಎಂದರೆ ಎರಡು. 2016ರಿಂದ ಜಡ್ಜ್ ಅಭ್ಯರ್ಥಿಗಳ ಹೆಸರಿನ ಪಕ್ಕ ಪಕ್ಷದ ಹೆಸರಿಲ್ಲ. 2018ರ ನವೆಂಬರ್‌ನಲ್ಲಿ ಜನರೇ ವೋಟು ಹಾಕಿ ಕೋರ್ಟಿನ ಬಜೆಟ್ ಮೇಲೆ ಶಾಸನಸಭೆಗೆ ಹಿಡಿತ ಕೊಟ್ಟರು. ಮೊದಲನೆಯದರಿಂದ ದೊಡ್ಡ ದುಡ್ಡೇನೂ ನಿಲ್ಲುವುದಿಲ್ಲ ಅನ್ನುವುದು ನನ್ನ ಅನಿಸಿಕೆ.

ಹಾಗಾಗಿ ವೋಟಿಗೆ ಮುಂಚೆ ಅಭ್ಯರ್ಥಿಗೆ ಯಾರು ಚಂದಾ ಕೊಟ್ಟಿದ್ದಾರೆ ನೋಡಿ. ಆ ಲೆಕ್ಕ ರಾಜ್ಯದ ಚುನಾವಣಾ ಕಚೇರಿಯಲ್ಲಿ ಸಿಗುತ್ತದೆ. ಎಚ್1ಬಿ ಕೆಲಸದ ವೀಸಾದಲ್ಲಿರುವವರಿಗೆ ವೋಟಿಲ್ಲ, ಆದರೆ ಜಡ್ಜ್‌ನ ನಡತೆ ಬಗ್ಗೆ ದೂರು ಕೊಡಲು ಪ್ರತಿ ರಾಜ್ಯದಲ್ಲೂ ಒಂದು ಆಯೋಗವಿದೆ. ತೀರ್ಪು ಹಿಡಿಸಲಿಲ್ಲ ಅಂತ ಅಲ್ಲಿಗೆ ಹೋಗಬೇಡಿ, ಅದಕ್ಕೆ ಅಪೀಲೇ ದಾರಿ. ನ್ಯೂಯಾರ್ಕ್‌ನವರು ಇನ್ನೊಂದು ನೆನಪಿಡಿ: ಅಲ್ಲಿ ‘ಸುಪ್ರೀಂ ಕೋರ್ಟ್’ ಅಂದರೆ ವಿಚಾರಣಾ ಕೋರ್ಟು. ಎಲ್ಲಕ್ಕಿಂತ ಮೇಲಿನದು ‘ಕೋರ್ಟ್ ಆಫ್ ಅಪೀಲ್ಸ್’.